ಟರ್ಬೊ ಕಾರಿಗೆ ವಾಟರ್ ಇಂಜೆಕ್ಷನ್: ನಮ್ಮ ಬಿಸಿಲಿಗೆ, ನಮ್ಮ ನೀರಿಗೆ ಹೊಂದುವ ಹಾಗೆ

ಬೇಸಿಗೆ ಶುರುವಾದರೆ ದಾವಣಗೆರೆ, ಚಿತ್ರದುರ್ಗದ ಓದುಗರಿಂದ ಒಂದೇ ಪ್ರಶ್ನೆ. ಬೆಳಿಗ್ಗೆ ಚೆನ್ನಾಗಿ ಎಳೆಯುವ ಟರ್ಬೊ ಪೆಟ್ರೋಲ್ ಕಾರು ಮಧ್ಯಾಹ್ನ ಎರಡಕ್ಕೆ ಮಂಕಾಗುತ್ತದೆ, ವಾಟರ್ ಇಂಜೆಕ್ಷನ್ (ಎಂಜಿನ್ನಿಗೆ ಹೋಗುವ ಗಾಳಿಗೆ ನೀರನ್ನು ಮಂಜಿನಂತೆ ಸಿಂಪಡಿಸುವ ಏರ್ಪಾಡು) ಹಾಕಿಸಿದರೆ ಸರಿಹೋಗುತ್ತದಾ, ಹಾಕುವುದು ಹೇಗೆ? ಅದರ ಬೆನ್ನಿಗೇ ಎರಡನೆಯ ಪ್ರಶ್ನೆ: ಬೋರ್ ನೀರು ಸೋಸಿ ಹಾಕಬಹುದಾ? ಎರಡನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇವೆ: ಬೇಡ. ಕಾರಣ ಮುಂದೆ ಬರುತ್ತದೆ.

ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸುತ್ತದೆ ನಿಜ, ಆದರೆ ಹೊರಗಿನ ಗಾಳಿಯೇ 38–40 ಡಿಗ್ರಿ ಇದ್ದರೆ ಇಂಟರ್‌ಕೂಲರ್ ಎಷ್ಟೆಂದು ತಣಿಸೀತು? ಬಿಸಿ ಗಾಳಿ ಸೇರಿದ ಮಿಶ್ರಣದ ಒಂದು ಭಾಗ ಸ್ಪಾರ್ಕಿನ ಜ್ವಾಲೆ ತಲುಪುವ ಮುಂಚೆಯೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಬಾನೆಟ್ ಒಳಗೆ ಗೋಲಿ ಉರುಳಿದ ಹಾಗೆ ಟಕಟಕ ಎನ್ನುವುದು ಇದೇ. ಈಗಿನ ಕಾರಿನಲ್ಲಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರು, ನಾಕ್ ಸೆನ್ಸರ್ ಮೂಲಕ ಇದನ್ನು ಕೇಳಿಸಿಕೊಂಡು ಸ್ಪಾರ್ಕನ್ನು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಹೋಗುತ್ತದೆ. ಮಧ್ಯಾಹ್ನದ ಮಂಕಿಗೆ ಮೂಲ ಇದೇ.

ಒಂದು ಕಿಲೋ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖ ಬೇಕು. ಅಷ್ಟೇ ತೂಕದ ಪೆಟ್ರೋಲ್ ಆವಿಯಾಗುವಾಗ ಹೀರುವ ಶಾಖಕ್ಕೆ ಹೋಲಿಸಿದರೆ ಇದು ಆರು ಪಟ್ಟಿಗೂ ಹೆಚ್ಚು. ಹಾಗಾಗಿ ಸ್ವಲ್ಪವೇ ನೀರನ್ನು ಮಂಜಿನಂತೆ ಗಾಳಿಗೆ ಸಿಂಪಡಿಸಿದರೂ ಸಿಲಿಂಡರಿನ ಬಿಸಿ ಇಳಿದು ನಾಕಿಂಗ್ ಹಿಂದೆ ಸರಿಯುತ್ತದೆ. ವಿದ್ಯೆ ಹಳೆಯದು. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಲ್ಲಿತ್ತು, 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರಿನಲ್ಲಿ ಕಂಪನಿಯೇ ಕೊಟ್ಟಿತ್ತು.

ನೀರು ಇಂಧನವಲ್ಲ, ಅದು ಉರಿಯುವುದಿಲ್ಲ. ಕಂಪನಿಯ ಮ್ಯಾಪಿನಲ್ಲಿ (ಸ್ಪಾರ್ಕ್, ಇಂಧನ, ಬೂಸ್ಟ್ ಅಂದರೆ ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ ಎಷ್ಟಿರಬೇಕೆಂದು ಇಸಿಯು ಒಳಗಿರುವ ಲೆಕ್ಕಪಟ್ಟಿಯೇ ಮ್ಯಾಪು) ಓಡುವ ಕಾರಿಗೆ ನೀರು ಹೊಡೆದರೆ ಬಿಸಿಲಿನಲ್ಲಿ ಕಳೆದುಹೋಗಿದ್ದ ಎಳೆತ ವಾಪಸ್ ಬರಬಹುದು, ಅಷ್ಟೇ. "20 ಕುದುರೆ ಜಾಸ್ತಿ" ಎಂದು ಮಾರುವವರ ಮಾತು ಮ್ಯಾಪನ್ನೂ ಬದಲಿಸಿದ ಕಾರಿನದ್ದು.

ಯಾರು ಕೈಹಾಕಬಾರದು

ವಾರಂಟಿ ಬಾಕಿ ಇರುವವರು ಕೈಹಾಕದಿರುವುದು ಒಳ್ಳೆಯದು, ಎಂಜಿನ್ ವಾರಂಟಿಯ ಕ್ಲೇಮನ್ನು ಕಂಪನಿ ತಳ್ಳಿಹಾಕಲು ಇದೊಂದೇ ನೆಪ ಸಾಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮತ್ತು ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವಂತಿಲ್ಲ. ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಮೊದಲೇ ವಿಚಾರಿಸಿ, ಸಾಧ್ಯವಾದರೆ ಬರಹದಲ್ಲಿ.

ಡೀಸೆಲ್ ಕಾರಿನವರಿಗೆ ಈ ಲೇಖನವಲ್ಲ. ಡೀಸೆಲ್ಲಿನಲ್ಲಿ ಕಾರಣವೂ ಬೇರೆ, ಲೆಕ್ಕವೂ ಬೇರೆ.

ಇನ್ನೊಂದು ಗುಂಪಿದೆ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕೆಲವು ಎಂಜಿನ್‌ಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಸಮೂಹದ ಇಎ211 ಟಿಎಸ್‌ಐ ಸಾಲಿನ ಹಲವು ಎಂಜಿನ್‌ಗಳಲ್ಲಿ, ಇಂಟರ್‌ಕೂಲರ್ ಮುಂದಿನ ಬಂಪರಿನಲ್ಲಿ ಇರುವುದಿಲ್ಲ. ಥ್ರಾಟಲ್ (ಒಳಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ) ದಾಟಿದ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಪೈಪು) ಒಳಗೇ ಕೂತಿರುತ್ತದೆ. ಅಲ್ಲಿ ಥ್ರಾಟಲ್ ಮುಂದೆ ನೀರು ಹೊಡೆದರೆ ಹನಿಗಳು ಇಂಟರ್‌ಕೂಲರಿನ ರೆಕ್ಕೆಗಳಿಗೆ ಅಂಟಿ, ಒಟ್ಟುಗೂಡಿ, ಯಾವುದೋ ಒಂದು ಸಿಲಿಂಡರಿಗೆ ಗುಟುಕಾಗಿ ಇಳಿಯುತ್ತವೆ. ಅಂಥ ಎಂಜಿನ್ನಿಗೆ ಮ್ಯಾನಿಫೋಲ್ಡಿನ ಕವಲುಗಳಲ್ಲೇ ನಾಜಲ್ ಕೂರಿಸಬೇಕು. ಅದು ಮನೆ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಕೆಳಗಿನ ಹಂತಗಳೆಲ್ಲ ಮುಂಭಾಗದಲ್ಲಿ ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಇರುವ ಕಾರುಗಳಿಗೆ.

ಏನೇನು ಬೇಕು

ಎಇಎಂ, ಸ್ನೋ, ಅಕ್ವಾಮಿಸ್ಟ್ ಮುಂತಾದವರ ಸಿದ್ಧ ಕಿಟ್‌ಗಳಿವೆ. ಬಿಡಿಬಿಡಿಯಾಗಿ ಜೋಡಿಸುವುದಾದರೆ:

– 12 ವೋಲ್ಟಿನ ಡಯಾಫ್ರಾಮ್ ಪಂಪು, 150 ಪಿಎಸ್‌ಐ (ಸುಮಾರು 10 ಬಾರ್) ಒತ್ತಡದ್ದು
– 3ರಿಂದ 5 ಲೀಟರ್ ಟ್ಯಾಂಕು, ಮಟ್ಟ ತೋರಿಸುವ ಫ್ಲೋಟ್ ಸ್ವಿಚ್ ಸಹಿತ
– ಪಂಪಿನ ಮುಂದೆ ಹಾಕಲು ಜಾಲರಿ ಫಿಲ್ಟರು
– 6 ಮಿ.ಮೀ. ನೈಲಾನ್ ಪೈಪು, ಒತ್ತಿ ಕೂರಿಸುವ ಫಿಟ್ಟಿಂಗ್‌ಗಳು
– 12 ವೋಲ್ಟಿನ ಹಿತ್ತಾಳೆ ಸೊಲೆನಾಯ್ಡ್ ವಾಲ್ವು, ಕರೆಂಟ್ ಇಲ್ಲದಾಗ ಮುಚ್ಚಿಕೊಂಡೇ ಇರುವಂಥದ್ದು
– ನಾಜಲ್, ಅದರ ಹೋಲ್ಡರು
– ಅಡ್ಜಸ್ಟ್ ಮಾಡಬಹುದಾದ ಬೂಸ್ಟ್ ಪ್ರೆಶರ್ ಸ್ವಿಚ್, 30 ಆಂಪ್ ರಿಲೇ, ಫ್ಯೂಸ್, 2.5 ಚದರ ಮಿ.ಮೀ. ತಾಮ್ರದ ವೈರು, ಡ್ಯಾಶ್‌ಬೋರ್ಡಿಗೊಂದು ಎಲ್‌ಇಡಿ ದೀಪ
– ಒಬಿಡಿ ಸ್ಕ್ಯಾನರು (ಇಸಿಯು ಒಳಗಿನ ಅಂಕಿಗಳನ್ನು ಓದುವ ಸಾಧನ), ಟಿಡಿಎಸ್ ಮೀಟರು

ಇದರಲ್ಲಿ ನಮ್ಮ ಕಡೆ ಕೈಕೊಡುವುದು ಮೂರು. ಮೊದಲನೆಯದು ಪಂಪು. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಪಂಪೂ 12 ವೋಲ್ಟಿನದೇ, ಬೆಲೆಯೂ ಕಡಿಮೆ, ಹಾಗಾಗಿ ಆಸೆ ಹುಟ್ಟುವುದು ಸಹಜ. ಆದರೆ ಅದರ ಒತ್ತಡ ಸಾಲದು. ಬೂಸ್ಟಿನ ಎದುರು ಹೊಡೆಯುವಾಗ ಮಂಜಿನ ಬದಲು ದಪ್ಪ ಹನಿ ಬೀಳುತ್ತದೆ. ಮನೆಯ ಆರ್‌ಒ ಫಿಲ್ಟರಿನ ಪಂಪು ಸಾಮಾನ್ಯವಾಗಿ 24 ವೋಲ್ಟಿನದು, ಅದೂ ಆಗದು.

ಎರಡನೆಯದು ಪೈಪು. ಅಕ್ಕಿ ಗಿರಣಿಗಳ ಸಾರ್ಟೆಕ್ಸ್ ಯಂತ್ರಗಳಿಗೆ ಗಾಳಿ ಲೈನ್ ಬೇಕಾಗುವುದರಿಂದ ದಾವಣಗೆರೆಯಲ್ಲಿ ನ್ಯೂಮ್ಯಾಟಿಕ್ ಸಾಮಾನಿಗೆ ಬರವಿಲ್ಲ. ಕೇಳಿದರೆ ಕೈಗೆ ಬರುವುದು ಮೆತ್ತಗಿನ ನೀಲಿ ಪಿಯು (ಪಾಲಿಯುರಿಥೇನ್) ಪೈಪು. ನೋಡಲು ನೈಲಾನಿನಂತೆಯೇ. ಆದರೆ ಅದು ತಾಳುವುದು 8–10 ಬಾರ್, ಅದೂ ತಣ್ಣಗಿದ್ದಾಗ. ಬಾನೆಟ್ ಒಳಗಿನ ಬಿಸಿಗೆ ಮೆತ್ತಗಾಗಿ ಫಿಟ್ಟಿಂಗಿನಿಂದ ಜಾರುತ್ತದೆ. ಬಗ್ಗಿಸಿದರೆ ಬಿಗಿಯಾಗಿ ಎದುರು ನಿಲ್ಲುವ ನೈಲಾನ್ ಪೈಪನ್ನೇ ಕೇಳಿ, ಪೈಪಿನ ಮೇಲೆ ಅಚ್ಚಾದ ಹೆಸರು ಓದಿಯೇ ದುಡ್ಡು ಕೊಡಿ.

ಮೂರನೆಯದು ತ್ರೆಡ್ಡು. ಹೊರಗಿನಿಂದ ತರಿಸಿದ ನಾಜಲ್ ಹೆಚ್ಚಾಗಿ 1/8 ಎನ್‌ಪಿಟಿ, ಅಂಗಡಿಯಲ್ಲಿ ಸಿಗುವ ಫಿಟ್ಟಿಂಗ್ ಹೆಚ್ಚಾಗಿ 1/8 ಬಿಎಸ್‌ಪಿ. ಇವೆರಡೂ ಬೇರೆ ಬೇರೆ ತ್ರೆಡ್ಡಿನ ಅಳತೆಗಳು. ಇಂಚಿಗೆ ಒಂದರಲ್ಲಿ 27 ಎಳೆ, ಇನ್ನೊಂದರಲ್ಲಿ 28. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, "ಸರಿಯಾಗಿ ಟೈಟ್ ಆಯ್ತು" ಅನ್ನಿಸುತ್ತದೆ. ಒತ್ತಡ ಬಿದ್ದಾಗ ಸೋರುತ್ತದೆ. ಎರಡನ್ನೂ ಬೆರೆಸಬೇಡಿ.

ಯಾವ ನೀರು

ಚಿತ್ರದುರ್ಗ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಎಂದು ನಿಮ್ಮ ಮನೆಯ ಗೀಸರಿನ ಕಾಯಿಲ್ ನೋಡಿದರೆ ಸಾಕು. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಟಿಡಿಎಸ್ 1,000 ಇರುವ ನೀರು 5 ಲೀಟರ್ ಹೊಡೆದರೆ 5 ಗ್ರಾಂ ಪುಡಿ ಎಂಜಿನ್ ಒಳಗೆ ಹೋದ ಹಾಗೆ. ಸ್ವಲ್ಪ ವಾಲ್ವಿನ ಮೇಲೆ, ಸ್ವಲ್ಪ ಪಿಸ್ಟನ್ ಮೇಲೆ, ಎಲ್ಲಕ್ಕಿಂತ ಮೊದಲು ಅರ್ಧ ಮಿಲಿಮೀಟರಿಗಿಂತ ಸಣ್ಣದಾದ ನಾಜಲ್ ತೂತಿನಲ್ಲಿ. ಬಟ್ಟೆಯಲ್ಲಿ ಸೋಸಿದರೆ ಮಣ್ಣು ಹೋದೀತು, ಕರಗಿದ ಸುಣ್ಣ ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕುಡಿಯಲು ಸರಿ, ಇದಕ್ಕೆ ಅದರಲ್ಲೂ ಲವಣ ಹೆಚ್ಚೇ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಕಡಿಮೆ, ಆದರೆ ಕಾಯಿಲ್ ಮೇಲಿನ ಧೂಳೂ ಪಾಚಿಯೂ ಜೊತೆಗೆ ಬರುತ್ತವೆ.

ಡಿಸ್ಟಿಲ್ಡ್ ವಾಟರ್ ಬಳಸಿ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಎಂದು 5 ಲೀಟರ್ ಕ್ಯಾನಿನಲ್ಲಿ ಸಿಗುವುದು ಅದೇ. ಕ್ಯಾನ್ ತೆರೆದ ತಕ್ಷಣ ಟಿಡಿಎಸ್ ಮೀಟರ್ ಅದ್ದಿ: 10ರ ಒಳಗಿದ್ದರೆ ಸರಿ, 30–40 ತೋರಿಸಿದರೆ ಅದು ಆರ್‌ಒ ನೀರಿಗೆ ಲೇಬಲ್ ಅಂಟಿಸಿದ್ದು, ವಾಪಸ್ ಕೊಡಿ. ಬ್ಯಾಟರಿ ನೀರು, ಬ್ಯಾಟರಿ ಆ್ಯಸಿಡ್ ಎರಡನ್ನೂ ಒಂದೇ ಅಂಗಡಿ ಮಾರುತ್ತದೆ ಎಂಬುದು ನೆನಪಿರಲಿ.

ಮೆಥನಾಲ್ ಬೆರೆಸುವ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂಬುದೂ ಒಂದು ಕಾರಣ, ನಮಗೆ ಆ ತೊಂದರೆಯೇ ಇಲ್ಲ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಮಾರಾಟಕ್ಕೂ ಸಂಗ್ರಹಕ್ಕೂ ಕಾನೂನಿನ ಕಟ್ಟುಪಾಡಿದೆ. ಬರೀ ನೀರೇ ಸಾಕು.

ಹಂತ 1: ಮೊದಲು ಇರುವ ರೋಗ ನೋಡಿ

ಮಂಕಾಗಲು ಬಿಸಿಲೊಂದೇ ಕಾರಣ ಇರಲಿಕ್ಕಿಲ್ಲ. ಬೂಸ್ಟ್ ಪೈಪಿನಲ್ಲಿ ಸೀಳು, ಧೂಳು ಕಟ್ಟಿದ ಏರ್ ಫಿಲ್ಟರ್, ಹಳೆಯ ಸ್ಪಾರ್ಕ್ ಪ್ಲಗ್, ಕೆಸರು ಮೆತ್ತಿದ ಇಂಟರ್‌ಕೂಲರ್ ಮೊದಲು ಸರಿಮಾಡಿ. ನಂತರ ಸ್ಕ್ಯಾನರ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಮಿತಿಯೊಳಗಿನ ವೇಗದಲ್ಲಿ ಮೂರನೇ ಗೇರಿನ ಒಂದು ಎಳೆತವನ್ನು ದಾಖಲಿಸಿ: ಬೂಸ್ಟ್, ಒಳಹೋಗುವ ಗಾಳಿಯ ಉಷ್ಣತೆ, ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಬೀಳುವ ಹೊತ್ತು). ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ. ಎರಡರ ನಡುವೆ ಟೈಮಿಂಗಿನಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ನೀರಿನಿಂದ ನಿಮಗೆ ಲಾಭವಿಲ್ಲ. ಇಲ್ಲಿಗೇ ನಿಲ್ಲಿಸಿ, ದುಡ್ಡು ಉಳಿಸಿ.

ಹಂತ 2: ನಾಜಲ್ ಲೆಕ್ಕ

ಪೂರ್ತಿ ಎಳೆತದಲ್ಲಿ ಎಂಜಿನ್ ಕುಡಿಯುವ ಪೆಟ್ರೋಲಿನ ಶೇ. 10ರಿಂದ 15ರಷ್ಟು ನೀರು ಸಾಕು. 120 ಪಿಎಸ್ (ಅಶ್ವಶಕ್ತಿ) ಎಂಜಿನ್ ಎಂದರೆ 88 ಕಿಲೋವಾಟ್. ಟರ್ಬೊ ಪೆಟ್ರೋಲ್ ಎಂಜಿನ್ ಗರಿಷ್ಠ ಎಳೆತದಲ್ಲಿ ಕಿಲೋವಾಟಿಗೆ ಗಂಟೆಗೆ ಸುಮಾರು 320 ಗ್ರಾಂ ಕುಡಿಯುತ್ತದೆ ಎಂದು ಹಿಡಿದರೆ ನಿಮಿಷಕ್ಕೆ 470 ಗ್ರಾಂ, ಅಂದರೆ 630 ಮಿ.ಲೀ. ಆಸುಪಾಸು. ಅದರ ಹತ್ತನೇ ಒಂದು ಭಾಗ 63 ಮಿ.ಲೀ., ಶೇ. 15 ಎಂದರೆ 95.

ನಾಜಲ್ ಮೇಲೆ ಬರೆದಿರುವ ಅಂಕಿ (ನಿಮಿಷಕ್ಕೆ ಎಷ್ಟು ಮಿ.ಲೀ. ಎಂಬುದು) ಸಾಮಾನ್ಯವಾಗಿ 100 ಪಿಎಸ್‌ಐ ಒತ್ತಡದ್ದು. ನಿಮ್ಮ ಪಂಪು 150, ಎದುರಿಗೆ ಬೂಸ್ಟ್ 15 ಇದ್ದರೆ ಉಳಿಯುವುದು 135. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 60ರ ನಾಜಲ್ ಸುಮಾರು 70 ಮಿ.ಲೀ. ಕೊಡುತ್ತದೆ. 60ರಿಂದಲೇ ಶುರುಮಾಡಿ. ದೊಡ್ಡ ನಾಜಲ್ ಹಾಕಿದರೆ ಹೆಚ್ಚು ಲಾಭ ಅಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ನೀರು ಹೆಚ್ಚಾದರೆ ಉರಿ ನಿಧಾನವಾಗಿ ಎಂಜಿನ್ ಮುಗ್ಗರಿಸುತ್ತದೆ. 5 ಲೀಟರ್ ಟ್ಯಾಂಕು ಈ ಲೆಕ್ಕದಲ್ಲಿ 70 ನಿಮಿಷದ ಪೂರ್ತಿ ಬೂಸ್ಟಿಗೆ ಬರುತ್ತದೆ. ದಿನದ ಓಡಾಟದಲ್ಲಿ ಅಷ್ಟು ಹೊತ್ತು ಬೂಸ್ಟ್ ಹಾಕುವವರು ಯಾರೂ ಇಲ್ಲ.

ಹಂತ 3: ಟ್ಯಾಂಕು, ಪಂಪು

ಜಾಗ ಹೆಚ್ಚಾಗಿ ಡಿಕ್ಕಿಯಲ್ಲೇ. ಪಂಪು ಟ್ಯಾಂಕಿನ ತಳಕ್ಕಿಂತ ಕೆಳಗಿರಲಿ, ರಬ್ಬರ್ ಬುಷ್ ಮೇಲೆ ಕೂರಿಸಿ, ಇಲ್ಲದಿದ್ದರೆ ಕಾರಿನೊಳಗೆಲ್ಲ ಗುಂಯ್ ಎನ್ನುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇರಬೇಕು. ವೈಪರ್ ನೀರಿನ ಟ್ಯಾಂಕನ್ನೇ ಬಳಸಬೇಡಿ, ಸರ್ವಿಸ್ ಸೆಂಟರಿನಲ್ಲಿ ಯಾರಾದರೂ ಅದಕ್ಕೆ ಸೋಪು ಸುರಿಯುತ್ತಾರೆ.

ಹಂತ 4: ನಾಜಲ್ ಕೂರಿಸುವುದು

ಜಾಗ ಇಂಟರ್‌ಕೂಲರ್ ನಂತರದ ಗಾಳಿ ಪೈಪಿನಲ್ಲಿ, ಥ್ರಾಟಲ್‌ಗಿಂತ 10–20 ಸೆ.ಮೀ. ಮುಂಚೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಅದೇ ಪೈಪಿನಲ್ಲಿದ್ದರೆ ನಾಜಲ್ ಅದನ್ನು ದಾಟಿ ಇರಲಿ. ಸೆನ್ಸರ್ ಮೇಲೆ ನೀರು ಬಿದ್ದರೆ ಅದು ಸುಳ್ಳು ಹೇಳುತ್ತದೆ, ಇಸಿಯು ಆ ಸುಳ್ಳನ್ನು ನಂಬುತ್ತದೆ. ಟರ್ಬೊಗೆ ಗಾಳಿ ಒಳಹೋಗುವ ಕಡೆ ಮಾತ್ರ ಎಂದೂ ಹೊಡೆಯಬೇಡಿ, ಅಷ್ಟು ವೇಗದಲ್ಲಿ ತಿರುಗುವ ಕಂಪ್ರೆಸರ್ ಚಕ್ರದ ಅಂಚನ್ನು ಹನಿಗಳು ತಿಂದುಹಾಕುತ್ತವೆ.

ಪೈಪನ್ನು ಕಾರಿನಿಂದ ಬಿಚ್ಚಿ ಹೊರಗೆ ತಂದೇ ತೂತು ಕೊರೆಯಿರಿ. ಅಲ್ಲಿಯೇ ಕೊರೆದರೆ ಚೂರುಗಳು ನೇರ ಎಂಜಿನ್ ಒಳಗೆ. 1/8 ಎನ್‌ಪಿಟಿಗೆ 8.5 ಮಿ.ಮೀ. ಡ್ರಿಲ್ ಬಿಟ್‌ನಿಂದ ಕೊರೆದು, ನಂತರ ಟ್ಯಾಪಿನಿಂದ ತ್ರೆಡ್ಡು ಹಾಕಿ. ಪೈಪು ಪ್ಲಾಸ್ಟಿಕ್ಕಿನದಾದರೆ ತ್ರೆಡ್ಡು ನಿಲ್ಲುವುದಿಲ್ಲ. ಅಳತೆಯ ಅಲ್ಯೂಮಿನಿಯಂ ಪೈಪಿನ ತುಂಡೊಂದನ್ನು ತಂದು, ಲೇತಿನಲ್ಲಿ ಕೊರೆಸಿದ ದಪ್ಪ ಬಿಲ್ಲೆಯನ್ನು ಅದರ ಮೇಲೆ ಟಿಗ್ ವೆಲ್ಡಿಂಗ್ ಮಾಡಿಸಿ, ರಬ್ಬರ್ ಹೋಸಿನ ನಡುವೆ ಸೇರಿಸುವುದು ಗಟ್ಟಿ ಕೆಲಸ. ಎಂಸೀಲ್ ಮೆತ್ತಿ ನಿಲ್ಲಿಸಿದ್ದು ಒಂದು ಬೇಸಿಗೆ ಬಾಳದು.

ತ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಎಳೆ ಕಿತ್ತು ಬಂದು ನಾಜಲ್ ಕಟ್ಟಿಕೊಳ್ಳುತ್ತದೆ. ದ್ರವ ಸೀಲೆಂಟನ್ನು ಮೊದಲ ಎರಡು ಎಳೆ ಬಿಟ್ಟು ತೆಳುವಾಗಿ ಹಚ್ಚಿ.

ಹಂತ 5: ಪೈಪು, ಸೊಲೆನಾಯ್ಡ್

ನೈಲಾನ್ ಪೈಪನ್ನು ಹೊಸ ಬ್ಲೇಡಿನಿಂದ ನೇರ ಕತ್ತರಿಸಿ, ಓರೆಯಾದರೆ ಫಿಟ್ಟಿಂಗ್ ಸೋರುತ್ತದೆ. ಟರ್ಬೊ, ಎಕ್ಸಾಸ್ಟಿನಿಂದ ಒಂದು ಗೇಣಾದರೂ ದೂರ ಇರಲಿ. ಸೊಲೆನಾಯ್ಡನ್ನು ನಾಜಲ್ಲಿಗೆ ಆದಷ್ಟು ಹತ್ತಿರ ಹಾಕಿ. ಇದನ್ನು ಬಿಟ್ಟು ದುಡ್ಡು ಉಳಿಸುವವರಿದ್ದಾರೆ. ಟ್ಯಾಂಕು ನಾಜಲ್‌ಗಿಂತ ಎತ್ತರವಿದ್ದರೆ ಕಾರು ನಿಂತಾಗಲೂ ನೀರು ತಾನೇ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ನೀರು ಸಿಲಿಂಡರಿಗೆ ಹೋದರೆ ಹೈಡ್ರೊಲಾಕ್: ನೀರನ್ನು ಒತ್ತಲಾಗದೆ ಪಿಸ್ಟನ್ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೊಲೆನಾಯ್ಡಿನ ಬೆಲೆಗೂ ಎಂಜಿನ್ ಇಳಿಸುವ ಖರ್ಚಿಗೂ ನೀವೇ ತಾಳೆ ಹಾಕಿ.

ಹಂತ 6: ವೈರಿಂಗ್

ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ರಿಂದ ಪಂಪಿಗೂ ಸೊಲೆನಾಯ್ಡಿಗೂ ಒಟ್ಟಿಗೆ. 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಕರೆಂಟ್. 85ರಿಂದ ಬೂಸ್ಟ್ ಸ್ವಿಚ್, ಫ್ಲೋಟ್ ಸ್ವಿಚ್ ಎರಡನ್ನೂ ಒಂದರ ಹಿಂದೆ ಒಂದು ಹಾಯ್ದು ಅರ್ತಿಗೆ. ನೀರು ಮುಗಿದರೆ ಫ್ಲೋಟ್ ಸ್ವಿಚ್ ಬಿಚ್ಚಿಕೊಂಡು ಪಂಪು ಒಣಗಿ ಓಡುವುದು ತಪ್ಪುತ್ತದೆ. 87ಕ್ಕೆ ಎಲ್‌ಇಡಿ ಸೇರಿಸಿದರೆ ಯಾವಾಗ ನೀರು ಹೊಡೆಯುತ್ತಿದೆ ಎಂದು ಕಾಣುತ್ತದೆ. ಅರ್ತಿಂಗ್ ಜಾಗದಲ್ಲಿ ಪೇಂಟ್ ಕೆರೆದು ಬರಿ ತಗಡಿಗೆ ಬೋಲ್ಟ್ ಹಾಕಿ. ಫ್ಯೂಸ್ ಅಳತೆ ಪಂಪಿನ ಮೇಲೆ ಬರೆದ ಆಂಪಿನ ಒಂದೂವರೆ ಪಟ್ಟು, ಹೆಚ್ಚು ಬೇಡ.

ಬೂಸ್ಟ್ ಸ್ವಿಚ್ ಗರಿಷ್ಠ ಬೂಸ್ಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಆನ್ ಆಗಲಿ. 1 ಬಾರ್ ಏರುವ ಕಾರಿಗೆ 0.6. ಕೂಲೆಂಟ್ 60 ಡಿಗ್ರಿ ದಾಟುವ ತನಕ ಜೋರು ಎಳೆತ ಬೇಡ, ತಣ್ಣನೆಯ ಎಂಜಿನ್ನಿಗೆ ಹೊಡೆದ ನೀರು ಆಯಿಲ್ ಸೇರುತ್ತದೆ.

ಹಂತ 7: ಹೊರಗೆ ಹೊಡೆದು ನೋಡಿ

ನಾಜಲ್ ಹೋಲ್ಡರನ್ನು ಪೈಪಿನಿಂದ ಬಿಚ್ಚಿ ಒಂದು ಬಾಟಲಿಯೊಳಗೆ ಇಳಿಬಿಡಿ. ಬೂಸ್ಟ್ ಸ್ವಿಚ್ಚಿನ ಎರಡು ವೈರ್ ಮುಟ್ಟಿಸಿ 30 ಸೆಕೆಂಡ್ ಓಡಿಸಿ, ಔಷಧಿಯ ಅಳತೆ ಲೋಟದಲ್ಲಿ ಅಳೆಯಿರಿ. 60ರ ನಾಜಲ್ ಇಲ್ಲಿ, ಎದುರು ಬೂಸ್ಟ್ ಇಲ್ಲದ ಕಾರಣ, ಸುಮಾರು 36–37 ಮಿ.ಲೀ. ಕೊಡಬೇಕು. ಬಹಳ ಕಡಿಮೆ ಬಂದರೆ ಫಿಲ್ಟರ್ ಅಥವಾ ಕರೆಂಟ್ ಕೊರತೆ. ಬಾಟಲಿಯಿಂದ ಹೊರತೆಗೆದು ನೋಡಿದರೆ ಕೊಡೆಯಾಕಾರದ ಮಂಜು ಕಾಣಬೇಕು, ಗೆರೆಯಂತೆ ಚಿಮ್ಮಿದರೆ ನಾಜಲ್ ತೊಳೆಯಿರಿ. ಸ್ವಿಚ್ ಆಫ್ ಆದಮೇಲೆ ಹತ್ತು ನಿಮಿಷ ಒಂದು ಹನಿಯೂ ಬೀಳಬಾರದು. ಈ ಪರೀಕ್ಷೆಯನ್ನು ನಾಜಲ್ ಪೈಪಿನಲ್ಲಿದ್ದಾಗ, ಎಂಜಿನ್ ನಿಂತಿದ್ದಾಗ ಎಂದೂ ಮಾಡಬೇಡಿ.

ಹಂತ 8: ರಸ್ತೆಯಲ್ಲಿ

ಸ್ಪಾರ್ಕ್ ಪ್ಲಗ್ ಗ್ಯಾಪನ್ನು ಕಂಪನಿ ಅಳತೆಗಿಂತ 0.1 ಮಿ.ಮೀ. ಕಡಿಮೆ ಮಾಡಿ, ಒದ್ದೆ ಮಿಶ್ರಣದಲ್ಲಿ ಕಿಡಿ ಆರುವುದು ತಪ್ಪುತ್ತದೆ. ಹಂತ 1ರ ಅದೇ ರಸ್ತೆ, ಅದೇ ಗೇರು, ಅದೇ ಮಧ್ಯಾಹ್ನ. ಗಾಳಿಯ ಉಷ್ಣತೆ ಇಳಿಯಲಿಲ್ಲ ಎಂದು ನಿರಾಶೆ ಬೇಡ. ಸೆನ್ಸರ್ ಇರುವುದು ನಾಜಲ್ಲಿಗೆ ಮುಂಚೆ, ಮೇಲಾಗಿ ನೀರಿನ ಬಹುಪಾಲು ಆವಿಯಾಗುವುದು ಸಿಲಿಂಡರ್ ಒಳಗೆ. ನೋಡಬೇಕಾದದ್ದು ಟೈಮಿಂಗ್. ಬೆಳಗಿನ ಅಂಕಿಯ ಹತ್ತಿರ ಬಂದಿದ್ದರೆ ಕೆಲಸ ಆಗಿದೆ. ನೀರು ಶುರುವಾದ ಕ್ಷಣ ಕಾರು ಕುಲುಕಿದರೆ ಸ್ವಿಚ್ಚನ್ನು 0.1 ಬಾರ್ ಮೇಲಕ್ಕೇರಿಸಿ. ಆಗಲೂ ಕುಲುಕಿದರೆ ನಾಜಲ್ ಚಿಕ್ಕದು ಹಾಕಿ.

ಹಂತ 9: ಮ್ಯಾಪು ಬದಲಿಸುವ ಮುಂಚೆ

ನೀರಿನ ಮೇಲೆ ನೆಚ್ಚಿ ಬೂಸ್ಟ್, ಟೈಮಿಂಗ್ ಏರಿಸಿದ ಕಾರಿನಲ್ಲಿ ನೀರು ನಿಂತ ದಿನ ಪಿಸ್ಟನ್ ಹೋಗುತ್ತದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಕಾರು ಇಂಥ ದ್ರವವನ್ನು ಸಿಂಪಡಿಸಿಕೊಂಡೇ ಓಡುತ್ತಿತ್ತು, ಟ್ಯಾಂಕ್ ಖಾಲಿಯಾದರೆ ಬೂಸ್ಟ್ ತಾನಾಗಿ ಇಳಿಯುವ ಏರ್ಪಾಡು ಅದರಲ್ಲೇ ಇತ್ತು. ಅಷ್ಟು ಹಿಂದೆಯೇ ಮಾಡಿದ್ದನ್ನು ಇಂದು ಕೈಬಿಡಲು ನೆಪವಿಲ್ಲ. ಫ್ಲೋಟ್ ಸ್ವಿಚ್ ಒಂದೇ ಸಾಲದು, ಟ್ಯಾಂಕು ತುಂಬಿದ್ದೂ ನಾಜಲ್ ಕಟ್ಟಿರಬಹುದು. ಪೈಪಿನಲ್ಲಿ ಹರಿವು ಅಳೆಯುವ ಸೆನ್ಸರ್ ಇರುವ ಕಂಟ್ರೋಲರ್ ಹಾಕಿ, ಹರಿವು ತಪ್ಪಿದರೆ ಇಸಿಯು ಕಂಪನಿ ಬೂಸ್ಟಿಗೆ ಮರಳುವಂತೆ, ಮ್ಯಾಪು ಬದಲಿಸಿಕೊಡುವ ಟ್ಯೂನರ್ ಕೈಲಿ ಮಾಡಿಸಿ. "ಅದೆಲ್ಲ ಬೇಡ ಸಾರ್, ನೀರು ತುಂಬಿಸ್ತಾ ಇರಿ ಸಾಕು" ಎನ್ನುವ ಟ್ಯೂನರ್ ಬಳಿ ಕಾರು ಬಿಡಬೇಡಿ. ಕಂಪನಿ ಮ್ಯಾಪಿನಲ್ಲೇ ಓಡಿಸುವವರಿಗೆ ಈ ಭಯವಿಲ್ಲ. ನೀರು ಮುಗಿದರೆ ಕಾರು ಮೊದಲಿನ ಹಾಗೆ ಮಂಕಾಗುತ್ತದೆ ಅಷ್ಟೇ. ನಮ್ಮನ್ನು ಕೇಳಿದರೆ ಅಲ್ಲಿಗೇ ನಿಲ್ಲುವುದು ಜಾಣತನ.

ಆಮೇಲಿನ ಆರೈಕೆ

ಪ್ರತಿ ಸಲ ತುಂಬಿಸುವಾಗ ಟಿಡಿಎಸ್ ನೋಡಿ. ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ. 5,000 ಕಿ.ಮೀ.ಗೊಮ್ಮೆ ನಾಜಲ್ ಬಿಚ್ಚಿ ಬಿಳಿ ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. ತೂತಿಗೆ ಸೂಜಿ ಚುಚ್ಚಬೇಡಿ, ಅಗಲವಾದರೆ ಮಂಜು ಹನಿಯಾಗುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಕಾಫಿಗೆ ಹಾಲು ಬೆರೆಸಿದಂಥ ಬಣ್ಣ ಕಂಡರೆ ಸಿಸ್ಟಮ್ ಆಫ್ ಮಾಡಿ, ಆಯಿಲ್ ಬದಲಿಸಿ. ಬೂಸ್ಟ್ ಸ್ವಿಚ್ ಬೇಗ ಆನ್ ಆಗುತ್ತಿದೆಯೋ, ಸೊಲೆನಾಯ್ಡ್ ಸೋರುತ್ತಿದೆಯೋ ಹುಡುಕಿ. ಹೆಡ್ ಗ್ಯಾಸ್ಕೆಟ್ ಹೋದರೂ ಇದೇ ಬಣ್ಣ ಬರುವುದರಿಂದ ಕೂಲೆಂಟ್ ಮಟ್ಟವನ್ನೂ ಜೊತೆಗೇ ನೋಡಿ.

ಬಿಳಿ ಟ್ಯಾಂಕಿಗೆ ಬಿಸಿಲು ತಾಗುತ್ತಿದ್ದರೆ ಪಾಚಿ ಕಟ್ಟುತ್ತದೆ, ಕಪ್ಪು ಟೇಪ್ ಸುತ್ತಿ. ಎರಡು ವಾರಕ್ಕಿಂತ ಹೆಚ್ಚು ಕಾರು ನಿಲ್ಲಿಸಿ ಊರಿಗೆ ಹೋಗುವುದಾದರೆ ಟ್ಯಾಂಕು ಖಾಲಿ ಮಾಡಿ, ನಾಜಲನ್ನು ಹೊರಗೆ ಬಾಟಲಿಗೆ ಇಳಿಬಿಟ್ಟು ಪೈಪಿನಲ್ಲಿ ಉಳಿದ ನೀರನ್ನು ಹೊಡೆದು ಮುಗಿಸಿ (ಟ್ಯಾಂಕು ಖಾಲಿಯಿದ್ದಾಗ ಪಂಪು ಓಡಲು ಬೂಸ್ಟ್ ಸ್ವಿಚ್ಚಿನ ಜೊತೆಗೆ ಫ್ಲೋಟ್ ಸ್ವಿಚ್ಚಿನ ವೈರುಗಳನ್ನೂ ಮುಟ್ಟಿಸಬೇಕು), ಫ್ಯೂಸ್ ಕಿತ್ತಿಡಿ.